ಗೂಡಿನಲ್ಲಿ ಮೊಟ್ಟೆ ಇರುವ ತನಕ

ಹರಿಹರದ ನಮ್ಮ ಮನೆಯ ನಡು ಅಂಗಳದಲ್ಲಿ ಸುಣ್ಣದ ಪುಡಿಯಿಂದ ಎಳೆದ ಒಂದು ಗೆರೆ ಇತ್ತು. ಗೌಂಡಿ ದಾರ ಹಿಡಿದು ಅಳತೆ ನೋಡಿ ಎಳೆದು ಹೋದದ್ದು. ಬೀದಿ ಬಾಗಿಲ ಹೊಸ್ತಿಲಿನಿಂದ ಹೊರಟು, ಒರಳುಕಲ್ಲಿನ ಪಕ್ಕ ಹಾದು, ಹಿತ್ತಲ ಬಾಗಿಲಿಗೆ ಮುಟ್ಟುತ್ತಿದ್ದ ಆ ಗೆರೆಯ ಎಡಕ್ಕೆ ದೊಡ್ಡಪ್ಪನ ಕೋಣೆಗಳು, ಬಲಕ್ಕೆ ನಮ್ಮವು. ಅಡುಗೆಮನೆ ಎಲ್ಲರಿಗೂ ಸೇರಿ ಒಂದೇ. ಅದು ಬಲಗಡೆಗೆ ಬೀಳುತ್ತಿತ್ತು. ಗೋಡೆ ಏಳುವ ಜಾಗ ಅದು ಎಂದು ಮನೆಯವರಿಗೆಲ್ಲ ಗೊತ್ತಿತ್ತು. ನಾನು ಗೆರೆಯನ್ನು ತುಳಿಯದೆ ದಾಟುವುದನ್ನು ಕಲಿತೆ. ಅಜ್ಜಿ ಬೇಕೆಂದೇ ಅದರ ಮೇಲೆ ಕಾಲೆಳೆದು ಓಡಾಡುತ್ತಿದ್ದಳು. ಅವಳ ಕಾಲಿನಿಂದ ಅಳಿಸಿಹೋದಲ್ಲೆಲ್ಲ ದೊಡ್ಡವ್ವ ಬೆಳಿಗ್ಗೆ ರಂಗೋಲಿ ಹಾಕುವಾಗ ಬಗ್ಗಿ ಮತ್ತೆ ತಿದ್ದುತ್ತಿದ್ದಳು. ಗೆರೆ ತುಂಡಾಗಿದ್ದುದು ಒಂದೇ ಕಡೆ. ಅಂಗಳದ ನಟ್ಟನಡುವೆ ಅಪ್ಪ ಕಟ್ಟಿದ್ದ ಹಕ್ಕಿಮನೆ ನಿಂತಿತ್ತು. ಗೌಂಡಿ ಅದರ ಈಚೆಗೆ ಕೈ ಎತ್ತಿ, ಆಚೆ ಹೋಗಿ ಮತ್ತೆ ಎಳೆದಿದ್ದ.

ಗೋಡೆಯ ಮಾತು ಶುರುವಾದದ್ದು ಮಹಾಂತೇಶಣ್ಣನ ಮದುವೆಯಿಂದ. ಅವನು ದೊಡ್ಡಪ್ಪನ ಒಬ್ಬನೇ ಮಗ. ದಾವಣಗೆರೆಯಲ್ಲಿ ನೋಡಿದ ಹೆಣ್ಣು ಎಲ್ಲರಿಗೂ ಒಪ್ಪಿಗೆಯಾಗಿತ್ತು. ಹೆಣ್ಣಿನವರು ಶಾಮನೂರು ಕಡೆಯ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಕೊಂಡವರು. ತಮ್ಮ ಹುಡುಗಿಗೆ ಬೇರೆ ಅಡುಗೆಮನೆ ಇರಬೇಕು, ಅದಾದ ಮೇಲೆ ಮುಹೂರ್ತ ಇಡೋಣ ಎಂದು ಹೇಳಿ ಕಳಿಸಿದರು. ನಮ್ಮ ಮನೆಗೆ ಬಂದ ಸೊಸೆ ಬೆಳಗಾದರೆ ಇಡೀ ಮನೆಗೆ ರೊಟ್ಟಿ ಬಡಿಯಬೇಕಾಗುತ್ತದೆಂದು ಯಾರೋ ಅವರ ಕಿವಿಗೆ ಹಾಕಿದ್ದರಂತೆ. ಹಾಕಿದವರು ಸುಳ್ಳು ಹೇಳಿರಲಿಲ್ಲ. ದೊಡ್ಡಪ್ಪ ದಾವಣಗೆರೆಯಲ್ಲಿ ಕಾಳುಕಡಿಯ ದಲಾಲಿ ಅಂಗಡಿ ನಡೆಸುತ್ತಿದ್ದ. ಕಡಿಮೆ ಮಾತಿನ ಮನುಷ್ಯ. ಬೇರೆಯಾಗುವ ಬಗ್ಗೆ ಅವನೂ ಅಪ್ಪನೂ ಜಗಳವಾಡಿದ್ದನ್ನು ನಾನು ಕೇಳಿಲ್ಲ. ಅಪ್ಪ ತಲೆ ಅಲ್ಲಾಡಿಸಿದ, ದೊಡ್ಡಪ್ಪ ಗೌಂಡಿಗೆ ಹೇಳಿ ಕಳಿಸಿದ. ಒಪ್ಪದೆ ಉಳಿದವಳು ಅಜ್ಜಿ ಒಬ್ಬಳೇ. ಅವಳ ತವರು ಸಾರಥಿ ಎಂಬ ಹಳ್ಳಿ. ಅಲ್ಲಿ ಅವಳ ಅಣ್ಣತಮ್ಮಂದಿರು ಮನೆಯ ನಡುವೆ ಗೋಡೆ ಹಾಕಿಕೊಂಡ ಮೇಲೆ ಒಬ್ಬರ ಮನೆಯ ಸಾವಿಗೆ ಇನ್ನೊಬ್ಬರು ಬಂದಿರಲಿಲ್ಲ. ಹಬ್ಬಕ್ಕೆ ಹೋದರೆ ಯಾವ ಬಾಗಿಲನ್ನು ಮೊದಲು ಹೊಕ್ಕಳು ಎಂಬುದೇ ದೊಡ್ಡ ರಂಪವಾಗುತ್ತಿತ್ತು. ಕೊನೆಗೆ ಅವಳು ತವರಿಗೆ ಹೋಗುವುದನ್ನೇ ಬಿಟ್ಟಿದ್ದಳು.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇತ್ತು. ತೊಲೆಯ ಸಂದಿನಲ್ಲೋ ಫೋಟೊದ ಹಿಂದೆಯೋ ಗುಬ್ಬಿ ಗೂಡು ಕಟ್ಟಿದರೆ, ಮರಿ ಹಾರುವ ತನಕ ಅಲ್ಲಿ ಯಾರೂ ಕಸಬರಿಗೆ ಆಡಿಸುವಂತಿರಲಿಲ್ಲ. ಒಮ್ಮೆ ಶ್ರಾವಣಕ್ಕೆ ಸುಣ್ಣ ಬಳಿಯುವಾಗ ಗೂಡಿನ ಸುತ್ತ ಗೇಣಗಲ ಹಳೆಯ ಗೋಡೆಯನ್ನು ಹಾಗೇ ಬಿಟ್ಟು ಬಳಿಸಿದ್ದರು. ಅದನ್ನು ನಿಂತು ಮಾಡಿಸಿದವನು ದೊಡ್ಡಪ್ಪನೇ. ಗೆರೆ ಬಿದ್ದ ದಿನದ ಸಂಜೆ ಊಟಕ್ಕೆ ಕೂತಾಗ ಅಜ್ಜಿ ಅವನ ಎದುರಿಗೆ ಬಂದು ಕೂತಳು.

"ಗೌಂಡಿ ಬಂದಾಗ ಆ ಪಂಜರದಾಗಿನ ಗೂಡಿನ್ಯಾಗ ತತ್ತಿ ಇದ್ರೆ ಏನ್ ಮಾಡ್ತಿ?"

ದೊಡ್ಡಪ್ಪ ಅನ್ನ ಕಲೆಸುತ್ತಲೇ ಹೇಳಿದ.

"ತತ್ತಿ ಇದ್ರೆ ಮರಿ ಹಾರೋ ತನಕ ಕೈ ಹಚ್ಚಂಗಿಲ್ಲ."

ಅಷ್ಟು ಸಲೀಸಾಗಿ ಹೇಳಲು ಕಾರಣವಿತ್ತು. ಆ ಹಕ್ಕಿಗಳು ಬಂದು ಒಂದು ಬೇಸಿಗೆಯೇ ಕಳೆದಿತ್ತು, ಒಂದೇ ಒಂದು ಮೊಟ್ಟೆಯನ್ನೂ ಇಟ್ಟಿರಲಿಲ್ಲ. ಆದರೆ ಮಾತು ಮಾತೇ. ಆ ಸಂಜೆಯಿಂದ ನಮ್ಮ ಮನೆ ಒಂದಾಗಿ ಉಳಿಯುವುದು ಹೆಬ್ಬೆರಳ ಗಾತ್ರದ ಹಕ್ಕಿಗಳ ಕೈಗೆ ಹೋಯಿತು.

ಅವು ಫಿಂಚ್ ಹಕ್ಕಿಗಳು. ಗಂಡಿನ ಕೊಕ್ಕು ಕೆಂಪು, ಕೆನ್ನೆಯ ಮೇಲೆ ಇಟ್ಟಿಗೆ ಬಣ್ಣದ ಬೊಟ್ಟು, ಎದೆಗೆ ಕಪ್ಪು ಗೀರುಗಳು. ಹೆಣ್ಣು ಬೂದಿ ಬಣ್ಣದ್ದು, ನೋಡಿದರೆ ಮರೆತುಹೋಗುವಂಥದ್ದು. ಮಕ್ಕಳ ತಗಡಿನ ಪೀಪಿಯಂತೆ ದಿನವಿಡೀ ಕೂಗುತ್ತಿದ್ದವು. ಅಪ್ಪ ಹರಿಹರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. ಕೂತು ಚಹಾ ಕುಡಿದದ್ದನ್ನು ನಾನು ನೋಡಿದವಳಲ್ಲ. ಪಾಳಿ ಮುಗಿಸಿ ಬಂದರೂ ಕಪ್ಪು ಹಿಡಿದುಕೊಂಡು ಅಂಗಳದ ಉದ್ದಕ್ಕೂ ತಿರುಗುತ್ತಿದ್ದ. ಕೈಗೆ ಏನಾದರೂ ಕೆಲಸ ಬೇಕು. ಜೊತೆಯವರೊಬ್ಬರ ಮನೆಯಲ್ಲಿ ಹಕ್ಕಿಮನೆ ನೋಡಿ ಬಂದವನು ಆ್ಯಂಗಲ್ ಕಬ್ಬಿಣದ ತುಂಡುಗಳನ್ನು ಬೆಸೆದು, ಜಾಲರಿ ಹೊಡೆದು, ಮೇಲೆ ತಗಡು ಹೊದಿಸಿ, ನಾಲ್ಕು ಕಾಲನ್ನೂ ನೆಲಕ್ಕೆ ಸಿಮೆಂಟು ಹಾಕಿ ಕೂರಿಸಿದ್ದ. ನಾನು ಒಳಗೆ ನಿಂತು ಕೈ ಚಾಚುವಷ್ಟು ದೊಡ್ಡದು. ದಾವಣಗೆರೆಯ ಪೇಟೆಯಿಂದ ಎರಡು ಜೋಡಿ ಹಕ್ಕಿ, ಪಕ್ಕದಲ್ಲಿ ತೂತಿರುವ ಪುಟ್ಟ ಮಣ್ಣಿನ ಮಡಿಕೆಗಳು ಬಂದವು. ಮಡಿಕೆಗಳನ್ನು ಎತ್ತರದಲ್ಲಿ ಒಂದೇ ಸಾಲಿಗೆ ಕಟ್ಟಿದ. ಹಕ್ಕಿಗಳು ಅವುಗಳ ಮೇಲೆ ಕೂತು ಹಿಕ್ಕೆ ಹಾಕಿದವೇ ಹೊರತು ಒಳಗೆ ಹೋಗಲಿಲ್ಲ.

ದೊಡ್ಡಪ್ಪನ ಮಾತಾದ ಮೇಲೆ ಅಪ್ಪ ಮತ್ತೆ ಪೇಟೆಗೆ ಹೋಗಿ ಹಕ್ಕಿ ಮಾರಿದವನನ್ನು ಕೇಳಿಕೊಂಡು ಬಂದ. ನವಣೆ ನೆನೆಸಿ ಮೊಳಕೆ ಬರಿಸಿ ಕೊಡಬೇಕು, ಸ್ನಾನಕ್ಕೆ ಅಗಲ ಬಟ್ಟಲಲ್ಲಿ ನೀರಿಡಬೇಕು, ಪದೇ ಪದೇ ಇಣುಕಬಾರದು. ಇಷ್ಟರ ತನಕ ತೊಂದರೆ ಇರಲಿಲ್ಲ. ನವಣೆಯನ್ನಂತೂ ದೊಡ್ಡಪ್ಪನೇ ತನ್ನ ಅಂಗಡಿಯಿಂದ ಬಟ್ಟೆ ಚೀಲದಲ್ಲಿ ತಂದುಕೊಡುತ್ತಿದ್ದ; ಗೋಡೆ ಕಟ್ಟಿಸಬೇಕೆಂದಿದ್ದವನೇ ಅದನ್ನು ತಡೆಯುವ ಹಕ್ಕಿಗಳಿಗೆ ಕಾಳು ಹೊತ್ತು ತರುವುದು ಅವನಿಗೆ ವಿಚಿತ್ರವೆನಿಸಿದಂತೆ ಕಾಣಲಿಲ್ಲ. ತೊಡಕಾದದ್ದು ಕೊನೆಯ ಸಲಹೆ. ಹೆಣ್ಣಿಗೆ ಕೋಳಿಮೊಟ್ಟೆಯ ಸಿಪ್ಪೆಯ ಪುಡಿ ಹಾಕಬೇಕು, ಆಗಾಗ ಬೇಯಿಸಿದ ಮೊಟ್ಟೆಯನ್ನೂ ಕೊಡಬೇಕು. ನಮ್ಮದು ಲಿಂಗಪೂಜೆಯಾಗದೆ ನೀರು ಮುಟ್ಟದ ಮನೆ. ಮೊಟ್ಟೆ ಹೊಸ್ತಿಲು ದಾಟಿದ ದಾಖಲೆಯಿಲ್ಲ.

"ತತ್ತಿ ಇಡಾಕ ತತ್ತೀನೇ ತಿನ್ನಿಸ್ಬೇಕಂತ," ಎಂದಳು ಅಜ್ಜಿ. "ಎಂಥಾ ಹಕ್ಕಿ ತಂದೀಯೋ ಮಾರಾಯ."

ಅವಳು ಬೇರೆ ದಾರಿ ಕಂಡುಕೊಂಡಳು. ದೇವರ ಕೋಣೆಯಿಂದ ವಿಭೂತಿ ಗಟ್ಟಿಯೊಂದನ್ನು ತಂದು ಜಾಲರಿಯ ಸಂದಿಗೆ ಸಿಕ್ಕಿಸಿದಳು. ಹಕ್ಕಿಗಳು ಎರಡು ದಿನ ಅದರಿಂದ ದೂರ ಕೂತು, ಆಮೇಲೆ ಕೊಕ್ಕಿನಿಂದ ಕೆರೆಯತೊಡಗಿದವು. ಹೆಣ್ಣುಗಳ ಕೊಕ್ಕಿನ ತುದಿ ಬೆಳ್ಳಗಾಯಿತು. ಅಜ್ಜಿ ಅದನ್ನು ಬಂದವರಿಗೆಲ್ಲ ಕರೆದು ತೋರಿಸಿದಳು. ಅದರಿಂದ ಉಪಯೋಗವಾಯಿತೇ ಎಂದರೆ ನಾನು ಹೇಳಲಾರೆ. ಹಾನಿಯಾದದ್ದು ಕರೆದು ತೋರಿಸಿದ್ದರಿಂದ. ಹಕ್ಕಿಗೆ ಬೇಕಾದದ್ದು ಒಂದು ಮೂಲೆ ಮತ್ತು ಯಾರೂ ನೋಡದ ಹೊತ್ತು. ನಮ್ಮ ಮನೆಯಲ್ಲಿ ಅಂಥದ್ದು ಮನುಷ್ಯರಿಗೇ ಇರಲಿಲ್ಲ. ಅಜ್ಜಿ ಬೆಳಿಗ್ಗೆ ಪೂಜೆ ಮುಗಿಸಿದವಳು ಗಂಟೆ ಬಾರಿಸುತ್ತ ಬಂದು ಹಕ್ಕಿಮನೆಗೂ ಆರತಿ ಬೆಳಗುತ್ತಿದ್ದಳು. ಅಪ್ಪ ಕೆಲಸಕ್ಕೆ ಹೋಗುವಾಗ ಒಮ್ಮೆ, ಬಂದಾಗ ಒಮ್ಮೆ, ರಾತ್ರಿ ಚಪ್ಪಲಿ ಎತ್ತಿಡುವ ನೆಪದಲ್ಲಿ ಒಮ್ಮೆ ಮಡಿಕೆಯೊಳಗೆ ಬೆರಳು ಹಾಕಿ ನೋಡುತ್ತಿದ್ದ. ಮಹಾಂತೇಶಣ್ಣನಂತೂ ಮೊಟ್ಟೆ ಆಗಬೇಕೋ ಆಗಬಾರದೋ ಎಂದು ಗೊತ್ತಾಗದೆ, ಮೊಬೈಲಿನಲ್ಲಿ ಮಾತಾಡುತ್ತ ಜಾಲರಿಗೆ ಒರಗಿ ನಿಲ್ಲುತ್ತಿದ್ದ.

ಕೊನೆಗೆ ಅಪ್ಪ ಒಂದು ಏರ್ಪಾಡು ಮಾಡಿದ. ಹಕ್ಕಿಮನೆಯ ಮೂರು ಪಕ್ಕಕ್ಕೆ ಗೋಣಿತಟ್ಟು ಕಟ್ಟಿ, ಇನ್ನು ಮುಂದೆ ನೋಡುವ ಕೆಲಸ ನನ್ನೊಬ್ಬಳದು ಎಂದ. ಶಾಲೆಗೆ ಹೋಗುವ ಮೊದಲು ಒರಳುಕಲ್ಲಿನ ಮೇಲೆ ಅಲ್ಲಾಡದೆ ಕೂತು ನೋಡಿ, ನೋಡಿದ್ದನ್ನು ಎಲ್ಲರಿಗೂ ಹೇಳಬೇಕು. ಹೇಳುವುದು ಸುಲಭವಾಗಿರಲಿಲ್ಲ. ಅಜ್ಜಿಗೆ ಒಂದು ಉತ್ತರ ಬೇಕಿತ್ತು, ದೊಡ್ಡವ್ವನಿಗೆ ಅದರ ವಿರುದ್ಧದ್ದು. ಹೆಣ್ಣು ಹಕ್ಕಿ ಕೂತಲ್ಲೇ ಕೂತಿದೆ ಎಂದರೆ ಅಜ್ಜಿ, ಮೊಟ್ಟೆ ಬಂತು ಎನ್ನುತ್ತಿದ್ದಳು. ಅದಕ್ಕೆ ಜಡ್ಡಾಗಿರಬೇಕು ಎನ್ನುತ್ತಿದ್ದಳು ದೊಡ್ಡವ್ವ. ನನ್ನ ಮಾತನ್ನು ಪೂರ್ತಿ ಕೇಳುತ್ತಿದ್ದವನು ದೊಡ್ಡಪ್ಪ ಮಾತ್ರ. ಒಮ್ಮೆ ನಾನು ಅವನಿಗೆ, ಹಕ್ಕಿಗಳಿಗೆ ಮಡಿಕೆ ಇಷ್ಟವಾಗಿದೆ ಎಂದೆ. ಅವನು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ನಿಂತಿದ್ದ.

"ಅದು ನಿನಗ ಹೇಳ್ತೇನು?"

"ಇಲ್ಲ."

"ಮತ್ತ ಕಂಡಿದ್ದು ಹೇಳು. ಅಂದ್ಕೊಂಡಿದ್ದು ಬ್ಯಾಡ."

ಮುಂದೆ ಪತ್ರಿಕೆಯ ಡೆಸ್ಕಿನಲ್ಲಿ ಕೂತು ಹೊಸಬರ ವರದಿ ತಿದ್ದುವಾಗ ನಾನು ಇದಕ್ಕಿಂತ ಹೆಚ್ಚಿನದೇನನ್ನೂ ಅವರಿಗೆ ಕಲಿಸಿಲ್ಲ.

ಹಾಗಾಗಿ ಕಂಡದ್ದನ್ನೇ ಬರೆಯುತ್ತೇನೆ. ಆ ವಾರದಲ್ಲಿ ದೊಡ್ಡವ್ವ ಪಾತ್ರೆ ತೊಳೆಯುವುದನ್ನು ಹಿತ್ತಲ ಕಟ್ಟೆಯಿಂದ ಅಂಗಳದ ನಲ್ಲಿಗೆ ಬದಲಾಯಿಸಿದಳು. ನಲ್ಲಿ ಹಕ್ಕಿಮನೆಗೆ ಹತ್ತಿರ. ಹಿತ್ತಲಲ್ಲಿ ಪಾಚಿ ಕಟ್ಟಿದೆ, ಜಾರುತ್ತದೆ ಎಂದಳು. ಪಾಚಿ ಇದ್ದದ್ದು ನಿಜ. ತಟ್ಟೆಗಳನ್ನು ಒಂದರ ಮೇಲೊಂದು ಎತ್ತಿ ಹಾಕುವ ಸದ್ದಿಗೆ ಹಕ್ಕಿಗಳು ಚದುರಿ ತಗಡಿಗೆ ಬಡಿದುಕೊಳ್ಳುತ್ತಿದ್ದದ್ದೂ ನಿಜ. ದೊಡ್ಡವ್ವ ಕೂರುವ ಮಣೆಯನ್ನು ಅಜ್ಜಿ ಹಗಲಿಡೀ ತಾನೇ ಹಾಕಿಕೊಂಡು ಕೂತಳು. ಮನೆಯಲ್ಲಿ ಯಾರೂ ಒಂದೆಡೆ ನಿಲ್ಲುತ್ತಿರಲಿಲ್ಲ. ಊಟ ಅರ್ಧಕ್ಕೆ ಬಿಟ್ಟು ಎದ್ದು ಹೋಗಿ ನೋಡುವುದು, ಬಂದು ಕೂರುವುದು. ರೊಟ್ಟಿ ಆರಿಹೋಗುತ್ತಿತ್ತು. ನನ್ನ ಅವ್ವ ಒಲೆಯ ಮುಂದಿನಿಂದ ಕೂಗಿ ಕರೆಯುತ್ತಿದ್ದಳು, ಆಮೇಲೆ ಕೂಗುವುದನ್ನು ಬಿಟ್ಟಳು.

ಗೂಡು ಕಟ್ಟಿಸಿದ್ದು ಕೊನೆಗೆ ಹತ್ತಿ. ಅಜ್ಜಿ ಮಧ್ಯಾಹ್ನಗಳಲ್ಲಿ ಅಂಗಳದಲ್ಲಿ ಕೂತು ದೀಪಕ್ಕೆ ಹೂಬತ್ತಿ ಹೊಸೆಯುತ್ತಿದ್ದಳು. ಗಾಳಿಗೆ ಹಾರಿ ಜಾಲರಿಗೆ ಅಂಟಿದ ಒಂದು ಬತ್ತಿಯನ್ನು ಗಂಡು ಹಕ್ಕಿಯೊಂದು ಎಳೆದುಕೊಂಡು ಮಡಿಕೆಯೊಳಗೆ ಹೊಕ್ಕಿತು. ಅಜ್ಜಿ ಇನ್ನೊಂದು ಸಿಕ್ಕಿಸಿದಳು. ಅದೂ ಹೋಯಿತು. ಆಮೇಲೆ ಅವಳು ದೇವರಿಗೆಂದು ಮಾಡಿಟ್ಟ ಬತ್ತಿಗಳ ಡಬ್ಬಿಯನ್ನೇ ತಂದು ಸುರಿದಳು. ಸಂಜೆಯ ಹೊತ್ತಿಗೆ ಮಡಿಕೆಯ ಬಾಯಿಂದ ಬಿಳಿ ಹತ್ತಿ ಉಕ್ಕಿ ಹೊರಗೆ ಬಂದಿತ್ತು. ಕೊರಳ ಬಳಿ ಒಂದು ಬಿಳಿ ಗರಿಯಿದ್ದ ಹೆಣ್ಣು ಅದರೊಳಗೆ ಕೂತು ಬಾಲ ಮಾತ್ರ ಹೊರಗೆ ಹಾಕಿತ್ತು. ಗೌಂಡಿ ಬರುವುದು ಮರುದಿನ ಎಂದಾಗಿತ್ತು. ಬೆಳಿಗ್ಗೆ ನಾನು ಒರಳುಕಲ್ಲು ಹತ್ತುವ ಮೊದಲೇ ಅಜ್ಜಿ ನನ್ನ ರಟ್ಟೆ ಹಿಡಿದಳು.

"ತತ್ತಿ ಐತೆ ಅಂತ ಹೇಳಿಬಿಡು ಗೌರಿ. ಇವತ್ತಿಲ್ದಿದ್ರೆ ನಾಳೆ ಇಟ್ಟೇ ಇಡ್ತೈತೆ. ಸುಳ್ಳೇನಾಗಲ್ಲ."

ಗೂಡು ಕಟ್ಟಿವೆ, ಮೊಟ್ಟೆ ಕಾಣಲಿಲ್ಲ ಎಂದು ನಾನು ದೊಡ್ಡಪ್ಪನಿಗೆ ಹೇಳಿದೆ. ಅಜ್ಜಿ ನನ್ನ ಕಡೆ ನೋಡಲಿಲ್ಲ. ದೊಡ್ಡಪ್ಪ ಬೀದಿಗೆ ಹೋಗಿ ಗೌಂಡಿಯೊಂದಿಗೆ ಏನೋ ಮಾತಾಡಿ, ಸಾಮಾನು ಇಳಿಸಿಕೊಳ್ಳದೆ ವಾಪಸ್ ಕಳಿಸಿದ. ಅಮಾವಾಸ್ಯೆ ಹತ್ತಿರ ಬಂದಿದೆ, ಅದು ಕಳೆಯಲಿ ಎಂದ. ಅವನು ಯಾವ ಕೆಲಸಕ್ಕೂ ಅಮಾವಾಸ್ಯೆ ನೋಡಿದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ದೊಡ್ಡವ್ವ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಮಾವಾಸ್ಯೆ ಕಳೆಯುವ ಮೊದಲೇ ಹತ್ತಿಯ ನಡುವೆ ಶೇಂಗಾ ಬೀಜದಷ್ಟು ದೊಡ್ಡ, ಬೆಳ್ಳಗಿನ ಮೊಟ್ಟೆ ಬಂತು. ಮರುದಿನ ಇನ್ನೊಂದು, ಅದರ ಮರುದಿನ ಮತ್ತೊಂದು. ಅಜ್ಜಿ ಬೀದಿಯವರಿಗೆ ಸಕ್ಕರೆ ಹಂಚಿದಳು. ಸುಣ್ಣದ ಗೆರೆಯ ಮೇಲೆ ನೀರು ಹಾಕಿ ಸಾರಿಸಿದಳು.

ಹತ್ತಿ ತಪ್ಪು ವಸ್ತು ಎಂದು ತಿಳಿದದ್ದು ಮರಿಗಳು ದೊಡ್ಡವಾದ ಮೇಲೆ. ಹೊರಗೆ ಹಾರಿದ ಎರಡು ಮರಿಗಳ ಜೊತೆ ಮೂರನೆಯದು ಬರಲಿಲ್ಲ. ಮಡಿಕೆಯ ಬಾಯಲ್ಲಿ ತಲೆಕೆಳಗಾಗಿ ಒದ್ದಾಡುತ್ತಿತ್ತು. ಬತ್ತಿಯ ಎಳೆ ಕಾಲಿಗೆ ಸುತ್ತಿಕೊಂಡು ಬಿಗಿದು, ಕಾಲು ಊದಿ ಕಪ್ಪಾಗಿತ್ತು. ಅಪ್ಪ ಪಾಳಿಯಲ್ಲಿದ್ದ. ಅವ್ವ ಹಿಟ್ಟಿನ ಕೈ ತೊಳೆದುಕೊಂಡು ಬಂದು, ಮರಿಯನ್ನು ಮುಷ್ಟಿಯಲ್ಲಿ ಹಿಡಿದು, ನನ್ನ ಕೈಗೆ ಟಾರ್ಚು ಕೊಟ್ಟು, ಉಗುರು ತೆಗೆಯುವ ಕತ್ತರಿಯಿಂದ ಎಳೆ ಎಳೆಯಾಗಿ ಕತ್ತರಿಸಿದಳು. ಮರಿ ಬದುಕಿತು, ಒಂದು ಬೆರಳು ಉದುರಿಹೋಯಿತು. ಅವ್ವ ಆ ದಿನವೇ ಹತ್ತಿಯನ್ನೆಲ್ಲ ಕಿತ್ತು ಒಲೆಗೆ ಹಾಕಿ, ತೆಂಗಿನ ನಾರನ್ನು ಬಿಡಿಸಿ, ಒಣಗಿದ ಗರಿಕೆಯನ್ನು ಕತ್ತರಿಸಿ ಇಟ್ಟಳು. ಅಲ್ಲಿಂದ ಹಕ್ಕಿಗಳು ಅವಳ ಕೈಗೆ ಬಂದವು. ಅವಳು ಇಣುಕುತ್ತಿರಲಿಲ್ಲ. ನೀರು ಬದಲಿಸುವಾಗ, ಕಾಳು ಹಾಕುವಾಗ ಎಷ್ಟು ಕಾಣುತ್ತದೋ ಅಷ್ಟೇ ನೋಡುತ್ತಿದ್ದಳು. ಮೊಟ್ಟೆಯ ಮೇಲೆ ಗಂಡೂ ಹೆಣ್ಣೂ ಸರದಿಯಂತೆ ಕೂರುತ್ತವೆ ಎಂದು ಮೊದಲು ಗಮನಿಸಿದವಳು ಅವಳೇ. ಅಪ್ಪನಿಗೆ ಅದನ್ನು ಹೇಳಿ, ನೀವೂ ಒಮ್ಮೆ ಒಲೆ ಮುಂದ ಕೂಡ್ರಿ ಎಂದು ನಕ್ಕಳು. ಅಪ್ಪನೂ ನಕ್ಕ. ಕೂರಲಿಲ್ಲ.

ಮೊದಲ ಮರಿಗಳ ಕೊಕ್ಕಿನ ಕಪ್ಪು ಹೋಗಿ ಕೆಂಪಾಗುವ ಮೊದಲೇ ಆ ಬಿಳಿ ಗರಿಯ ಹೆಣ್ಣು ಮತ್ತೆ ಮೊಟ್ಟೆಯಿಟ್ಟಿತು. ಅವು ಹಾರುತ್ತಿದ್ದಂತೆ ಮತ್ತೆ. ಇನ್ನೊಂದು ಜೋಡಿ ಕೊನೆಯವರೆಗೂ ಏನೂ ಮಾಡದೆ ಸುಮ್ಮನೆ ಕೂತು ಮುದಿಯಾಯಿತು. ಎಲ್ಲವನ್ನೂ ಹೆತ್ತದ್ದು ಇದೊಂದೇ. ಅಜ್ಜಿ ಗೆದ್ದವಳಂತೆ ಓಡಾಡಿದಳು. ದೊಡ್ಡಪ್ಪ ಪ್ರತಿ ಸಲ ನನ್ನನ್ನು ಕರೆದು ಕೇಳಿ, ಹೂಂ ಎಂದು ಚಪ್ಪಲಿ ಮೆಟ್ಟಿ ಹೋಗುತ್ತಿದ್ದ. ಹೆಣ್ಣಿನ ಮನೆಯವರ ಫೋನು ಬಂದಾಗ ಮಹಾಂತೇಶಣ್ಣ ಮಾಳಿಗೆ ಹತ್ತಿ ಮಾತಾಡುತ್ತಿದ್ದ, ಇಳಿದು ಬಂದಾಗ ಮುಖ ಸಣ್ಣಗಾಗಿರುತ್ತಿತ್ತು. ದೊಡ್ಡವ್ವ ಒಂದು ದಿನ ಅಡುಗೆಮನೆಗೆ ಬರುವುದನ್ನು ನಿಲ್ಲಿಸಿದಳು. ಗೋಡೆ ಬರುವ ತನಕ ಈ ಒಲೆ ಮುಟ್ಟುವುದಿಲ್ಲ ಎಂದಷ್ಟೇ ಹೇಳಿದಳು. ಸಿಟ್ಟು ಅಜ್ಜಿಯ ಮೇಲೆ. ಕೆಲಸ ಬಿದ್ದದ್ದು ಅವ್ವನ ಮೇಲೆ. ಬೆಳಗಿನ ರೊಟ್ಟಿ, ದೊಡ್ಡಪ್ಪನ ಡಬ್ಬಿ, ಅಪ್ಪನ ಡಬ್ಬಿ, ಅಜ್ಜಿಯ ಗಂಜಿ, ಮಧ್ಯಾಹ್ನದ ಅನ್ನ, ಸಂಜೆ ಮತ್ತೆ ರೊಟ್ಟಿ. ದೊಡ್ಡವ್ವ ತನ್ನ ಕೋಣೆಯಲ್ಲಿ ಕೂತಲ್ಲಿಗೇ ತಟ್ಟೆ ಹೋಗಬೇಕಾಗಿತ್ತು, ಅದನ್ನು ಹೊತ್ತುಕೊಂಡು ಹೋಗುವವಳು ನಾನು. ಉಪ್ಪು ಕಡಿಮೆ ಎಂದು ತಟ್ಟೆ ವಾಪಸ್ ಬಂದದ್ದೂ ಉಂಟು. ಮನೆ ಒಡೆಯಲಿಲ್ಲ ಎಂದು ಅಜ್ಜಿ ಬಂದವರಿಗೆ ಹೇಳುತ್ತಿದ್ದಾಗ ಒಳಗೆ ಅವ್ವ ರೊಟ್ಟಿ ಬಡಿಯುವ ಸದ್ದು ಕೇಳುತ್ತಲೇ ಇತ್ತು. ಅವಳು ಬಡಿಯುತ್ತ ಬಡಿಯುತ್ತ ಕಣ್ಣು ಮುಚ್ಚುತ್ತಿದ್ದಳು, ಕೈ ಮಾತ್ರ ತಿರುಗುತ್ತಿತ್ತು.

ಮಳೆಗಾಲದ ಕೊನೆಗೆ ಆ ಹಕ್ಕಿಯ ತಲೆಯ ಹಿಂದಿನ ಗರಿ ಉದುರಿ ತೊಗಲು ಕಾಣುತ್ತಿತ್ತು. ಒಂದು ಬೆಳಿಗ್ಗೆ ಅದು ಮಡಿಕೆಗೆ ಹಾರದೆ ನೆಲದ ಮೂಲೆಯಲ್ಲಿ ಮೈ ಉಬ್ಬಿಸಿಕೊಂಡು ಕೂತಿತ್ತು. ಉಸಿರಿಗೆ ತಕ್ಕಂತೆ ಬಾಲ ಏರಿಳಿಯುತ್ತಿತ್ತು. ಕಂಡದ್ದನ್ನು ನಾನು ಅವ್ವನಿಗೆ ಹೇಳಿದೆ. ಅವಳು ಹೆಂಚನ್ನು ಒಲೆಯ ಮೇಲೇ ಬಿಟ್ಟು ಬಂದು, ಅದನ್ನು ಎತ್ತಿ ಹೊಟ್ಟೆ ಸವರಿ ನೋಡಿದಳು. ಮೊಟ್ಟೆ ಒಳಗೇ ಸಿಕ್ಕಿಕೊಂಡಿತ್ತು. ಬೆಚ್ಚಗಿನ ನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ, ಹಕ್ಕಿಯನ್ನು ಅದರಲ್ಲಿ ಸುತ್ತಿ, ಒಲೆಯ ಕಾವು ತಾಗುವಷ್ಟು ದೂರದಲ್ಲಿ ಮಡಿಲಲ್ಲಿಟ್ಟುಕೊಂಡು ಕೂತಳು. ಆ ದಿನ ಎರಡೂ ಡಬ್ಬಿಗಳು ಖಾಲಿಯಾಗಿ ನಿಂತವು. ಅಪ್ಪ ಬಾಗಿಲಲ್ಲಿ ನಿಂತು ಹೊತ್ತಾಯಿತೆಂದ, ಅವಳು ತಲೆ ಎತ್ತಲಿಲ್ಲ. ಕೊನೆಗೆ ಬಂದದ್ದು ಸಿಪ್ಪೆಯಿಲ್ಲದ ಮೊಟ್ಟೆ; ಒದ್ದೆ ತೊಗಲಿನ ಪುಟ್ಟ ಚೀಲದಂತೆ ಅವಳ ಬೆರಳಿಗೆ ಅಂಟಿಕೊಂಡಿತ್ತು. ಅವಳು ಅದನ್ನು ಅಪ್ಪನಿಗೆ ತೋರಿಸಿದಳು.

"ಒಳಗ ಏನೂ ಉಳಿದಿಲ್ಲ ಅದಕ್ಕ. ಸಂಜೀಕ ಬರುವಾಗ ತತ್ತಿ ಸಿಪ್ಪಿ ತರ್ರಿ."

ಅಪ್ಪ ಕಾರ್ಖಾನೆಯ ಕ್ಯಾಂಟೀನಿನಿಂದ ಡಬ್ಬಿಯಲ್ಲಿ ತಂದ. ಅವ್ವ ಅದನ್ನು ಒಲೆಯ ಮೇಲೆ ಹುರಿದು, ಬೀದಿ ಬಾಗಿಲ ಕಲ್ಲಿನ ಮೇಲೆ ಎಲ್ಲರಿಗೂ ಕಾಣುವಂತೆ ಅರೆದು, ಹಕ್ಕಿಮನೆಯಲ್ಲಿಟ್ಟಳು. ಅಜ್ಜಿ ನೋಡಿದಳು. ಕೇಳಲಿಲ್ಲ. ಅವಳಿಗೆ ಆ ಹಕ್ಕಿ ಬೇಕಾಗಿತ್ತು.

ಆ ಹೊತ್ತಿಗೆ ಮಡಿಕೆಯಲ್ಲಿ ಹಿಂದಿನ ಸಲದ ಮರಿಗಳು ಇನ್ನೂ ಇದ್ದವು. ಗಂಡು ಹಕ್ಕಿಯೇ ಅವುಗಳಿಗೆ ತಿನ್ನಿಸಿ ದೊಡ್ಡದು ಮಾಡಿತು. ಕೊನೆಯದು ಹಾರಿ ಕೋಲಿನ ಮೇಲೆ ಕೂತ ಬೆಳಿಗ್ಗೆ ನಾನು ಎದ್ದು ಬಂದಾಗ ಹಕ್ಕಿಮನೆಯ ಒಳಗೆ ಹಕ್ಕಿಗಳು ಕೂತ ಕೋಲುಗಳಷ್ಟೇ ಇದ್ದವು. ಮಡಿಕೆಗಳೆಲ್ಲ ನಲ್ಲಿಯ ಕೆಳಗೆ ಬಕೆಟ್ಟಿನಲ್ಲಿ ನೆನೆಯುತ್ತಿದ್ದವು. ಅವ್ವ ಕುಕ್ಕರುಗಾಲಲ್ಲಿ ಕೂತು ಒಂದೊಂದನ್ನೇ ನಾರಿನಿಂದ ಉಜ್ಜುತ್ತಿದ್ದಳು. ಪೇಟೆಯಿಂದ ಹಕ್ಕಿ ತಂದಿದ್ದ ಸಣ್ಣ ಪಂಜರದಲ್ಲಿ ಗಂಡು ಹಕ್ಕಿ ಬೇರೆಯಾಗಿ ಕೂತು ಕೂಗುತ್ತಿತ್ತು. ಅಜ್ಜಿ ಪೂಜೆಯ ಸೀರೆಯಲ್ಲೇ ಹೊರಗೆ ಬಂದಳು.

"ಮಡಿಕಿ ಯಾಕ ತೆಗದಿ?"

"ಮರಿ ಹಾರಿದ್ವು ಅತ್ತಿ."

"ಮತ್ತ ಇಡ್ತೈತಲ್ಲ. ವಾಪಸ್ ಕಟ್ಟು."

"ಇನ್ನೊಂದ್ ಸಲ ಇಟ್ರೆ ಸಾಯ್ತೈತೆ."

"ಹಕ್ಕಿ ಇನ್ನೊಂದು ತರಬೋದು. ಮನಿ ಒಡದ್ರೆ ಎಲ್ಲಿಂದ ತರ್ತಿ?"

ಅವ್ವ ಕೈಯಲ್ಲಿದ್ದ ಮಡಿಕೆಯನ್ನು ತೊಳೆದು ಮುಗಿಸಿ, ಬೋರಲು ಹಾಕಿ, ಎದ್ದು ನಿಂತಳು.

"ಮನಿ ನಿಂತಿರೋದು ಅದರ ಮ್ಯಾಲೇ ಆದ್ರೆ, ಒಡೀಲಿ ಬಿಡ್ರಿ."

ದೊಡ್ಡಪ್ಪ ಅಂಗಡಿಗೆ ಹೊರಟು ಪಡಸಾಲೆಯ ಮೆಟ್ಟಿಲಲ್ಲಿ ನಿಂತಿದ್ದ. ಮದುವೆಯಾಗಿ ಬಂದಾಗಿನಿಂದ ಅವ್ವ ಅವನೊಂದಿಗೆ ನೇರವಾಗಿ ಮಾತಾಡಿದವಳಲ್ಲ. ಗಂಡನ ಅಣ್ಣನ ಎದುರಿಗೆ ಸೊಸೆಯರು ಬಾಯಿ ತೆರೆಯುತ್ತಿರಲಿಲ್ಲ. ಹೇಳಬೇಕಾದದ್ದನ್ನು ನನ್ನ ಮೂಲಕವೋ ಕಂಬಕ್ಕೆ ಹೇಳಿದಂತೆಯೋ ಹೇಳುತ್ತಿದ್ದಳು. ಈಗಲೂ ನನ್ನನ್ನು ಕರೆಯುತ್ತಾಳೆಂದು ನಾನು ಎರಡು ಹೆಜ್ಜೆ ಮುಂದೆ ಹೋದೆ. ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನನ್ನನ್ನು ದಾಟಿ ಹೋಗಿ ಮೆಟ್ಟಿಲ ಕೆಳಗೆ ನಿಂತಳು.

"ಭಾವಾರ, ಗೂಡು ಖಾಲಿ ಆಗ್ಯಾವೆ. ಗೌಂಡಿನ ಕರಸ್ರಿ."

ದೊಡ್ಡಪ್ಪ ನೆಲ ನೋಡಿದ. ಅವನಿಗೂ ಆ ದನಿ ಹೊಸದು.

"ಆತವ್ವ," ಎಂದ.

ಗೋಡೆ ಏಳಲು ಹೆಚ್ಚು ದಿನ ಹಿಡಿಯಲಿಲ್ಲ. ಅಪ್ಪ ಹಕ್ಕಿಮನೆಯ ಕಾಲುಗಳನ್ನು ಕತ್ತರಿಸಿ ನಮ್ಮ ಕಡೆಗೆ ಸರಿಸಿದ. ದೊಡ್ಡಪ್ಪ ಬೀದಿಗೆ ಬೇರೆ ಬಾಗಿಲು ತೆರೆಸಿದ, ದೊಡ್ಡವ್ವನಿಗೆ ಹೊಸ ಒಲೆಯಾಯಿತು, ಮಹಾಂತೇಶಣ್ಣನ ಮದುವೆಯಾಯಿತು. ಅಜ್ಜಿ ತನ್ನ ಹಾಸಿಗೆ ಸುರುಳಿ ಸುತ್ತಿಕೊಂಡು ಆಚೆ ಮನೆಗೆ ಹೋದಳು. ಅವ್ವನೊಂದಿಗೆ ಬಹಳ ಕಾಲ ಮಾತಾಡಲಿಲ್ಲ. ಅಜ್ಜಿ ಹೆದರಿದ್ದು ಸುಳ್ಳಾಗಲಿಲ್ಲ ಎಂಬುದನ್ನೂ ಇಲ್ಲಿ ದಾಖಲಿಸಬೇಕು. ನವಣೆಯ ಚೀಲ ಮೊದಲು ದೊಡ್ಡಪ್ಪನ ಕೈಯಲ್ಲಿ ಒಳಗೆ ಬರುತ್ತಿತ್ತು. ಆಮೇಲೆ ನಮ್ಮ ಬಾಗಿಲ ಚಿಲಕಕ್ಕೆ ನೇತಾಡುತ್ತಿತ್ತು. ಆಮೇಲೆ ಅದೂ ನಿಂತು, ಅಪ್ಪ ಪೇಟೆಯಿಂದ ತರತೊಡಗಿದ. ಅಣ್ಣತಮ್ಮಂದಿರು ಜಗಳವಾಡಲಿಲ್ಲ; ಆಡುವಷ್ಟು ಸಿಗಲೇ ಇಲ್ಲ. ಮನೆ ಒಡೆದವಳು ಕಿರಿಸೊಸೆ ಎಂಬ ಮಾತು ಬೀದಿಯಲ್ಲಿ ಉಳಿಯಿತು. ಅವ್ವ ಅದನ್ನು ತಿದ್ದಲು ಹೋಗಲಿಲ್ಲ.

ಗೋಡೆಗೆ ಇನ್ನೂ ಗಿಲಾಯ ಆಗಿರಲಿಲ್ಲ, ಇಟ್ಟಿಗೆ ಕಾಣುತ್ತಿತ್ತು. ಅರ್ಧ ದಿನದ ಶಾಲೆ ಮುಗಿಸಿ ನಾನು ಮನೆಗೆ ಬಂದೆ. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಒಲೆ ಆರಿತ್ತು, ಪಾತ್ರೆಗಳು ತೊಳೆದು ಬೋರಲು ಬಿದ್ದಿದ್ದವು. ಅವ್ವ ಎಂದು ಕೂಗಿದೆ, ಉತ್ತರವಿಲ್ಲ. ನಡುಮನೆಗೆ ಹೋದರೆ ಅವಳು ಬರಿ ನೆಲದ ಮೇಲೆ, ತೋಳನ್ನು ತಲೆಯ ಕೆಳಗಿಟ್ಟುಕೊಂಡು, ಕಾಲು ಚಾಚಿ ಮಲಗಿದ್ದಳು. ಕಿಟಕಿಯ ಬಿಸಿಲು ಪಾದದ ಮೇಲೆ ಬಿದ್ದಿತ್ತು. ನನ್ನ ಅವ್ವ ಹಗಲು ಹೊತ್ತಿನಲ್ಲಿ ಮಲಗಿದ್ದನ್ನು ನಾನು ಹುಟ್ಟಿದ ಮೇಲೆ ನೋಡಿರಲಿಲ್ಲ. ಜ್ವರ ಬಂದಾಗಲೂ ಅವಳು ಗೋಡೆಗೆ ಒರಗಿ ಕೂತೇ ಇರುತ್ತಿದ್ದಳು. ಚೀಲವನ್ನು ಸದ್ದಾಗದಂತೆ ಇಳಿಸಿ, ಪಕ್ಕದಲ್ಲಿ ಮೊಣಕಾಲೂರಿ, ಅವಳ ಮೂಗಿನ ಕೆಳಗೆ ಬೆರಳು ಹಿಡಿದೆ. ಅವಳು ಕಣ್ಣು ತೆರೆಯಲಿಲ್ಲ.

"ಜೀವ ಐತೆ. ಹೋಗು, ಬಾಗಿಲು ಮುಂದ ಮಾಡು."

ಬಾಗಿಲನ್ನು ಮುಂದೆ ಮಾಡಿಕೊಂಡು ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯವರು ಹೆಪ್ಪು ಹಾಕಲು ಮೊಸರು ಕೇಳಿಕೊಂಡು ಬಂದು, ನಿಮ್ಮವ್ವ ಎಲ್ಲಿ ಎಂದರು. ಅವ್ವ ಮನೆಯಲ್ಲಿಲ್ಲ ಎಂದೆ.